ಐವತ್ತೈದು ನಿಮಿಷದ ದೂರ

ಗುರುವಾರ ಬೆಳಿಗ್ಗೆ 10.50ಕ್ಕೆ ಠಾಣೆಗೆ ದೂರು ಬಂತು. ಮಗಳು ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಶಿಶುವಿಹಾರಕ್ಕೆ ಹೋದ ತಾಯಿಗೆ, ಮಗುವನ್ನು ಆಗಲೇ ಯಾರೋ ಕರೆದುಕೊಂಡು ಹೋಗಿದ್ದಾರೆಂದು ತಿಳಿದಿತ್ತು. ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು. ಇನ್ಸ್‌ಪೆಕ್ಟರ್ ಮೇಡಂ ಹನ್ನೊಂದಕ್ಕೆ ಎಫ್‌ಐಆರ್ ದಾಖಲಿಸಿದಳು.

11.25ಕ್ಕೆ ಶಿಶುವಿಹಾರದಲ್ಲಿ ಪಂಚನಾಮೆ. 9.10ಕ್ಕೆ ಮಾಸ್ಕ್ ಹಾಕಿದ್ದ ಹೆಂಗಸೊಬ್ಬಳು ಬಂದು, ಮಗುವನ್ನು ಡಾಕ್ಟರಿಗೆ ತೋರಿಸಬೇಕು ಎಂದಳಂತೆ. ಹೊಸದಾಗಿ ಸೇರಿದ್ದ ಟೀಚರು ಕಳಿಸಿಬಿಟ್ಟಿದ್ದರು.

"ಮಗು ಅತ್ತಿತಾ?"

"ಇಲ್ಲ ಮೇಡಂ. ಓಡಿಹೋಗಿ ಕೊರಳಿಗೆ ಜೋತುಬಿತ್ತು. ಅದಕ್ಕೇ ಅಮ್ಮ ಅಂದ್ಕೊಂಡೆ."

ತಾಯಿ ತಲೆ ತಗ್ಗಿಸಿದಳು. ಹಾಗೆ ಜೋತುಬೀಳುವುದು ತನ್ನ ನಾದಿನಿಗೆ ಮಾತ್ರ ಎಂದಳು. ಆದರೆ ನಾದಿನಿ ಇರುವುದು ಬೆಟ್ಟದಾಚೆಯ ಊರಲ್ಲಿ. ಮಗುವಿನ ತಂದೆ 11.45ಕ್ಕೆ ಅವಳ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ, ಅವಳೇ ಎತ್ತಿದಳು. ಬೆಟ್ಟ ಬಳಸಿ ನಾನೂರ ಮೂವತ್ತು ಕಿಲೋಮೀಟರು, ಕಾರಿಗೂ ಎಂಟು ತಾಸು ಎಂದು ಹೆಡ್ ಕಾನ್‌ಸ್ಟೆಬಲ್ ಅವಳ ಹೆಸರು ಹೊಡೆದುಹಾಕಿದ.

ಮೇಡಂಗೆ ಸಮಾಧಾನವಾಗಲಿಲ್ಲ. ಬೆಟ್ಟ ಬಳಸುವುದು ರಸ್ತೆ, ವಿಮಾನವಲ್ಲವಲ್ಲ. ಊರಾಚೆಯ ಪುಟ್ಟ ವಿಮಾನ ನಿಲ್ದಾಣಕ್ಕೆ ಫೋನ್ ಹಚ್ಚಿ, ನಾದಿನಿಯ ಊರಿಗೆ ನೇರವಾಗಿ ಎಷ್ಟು ದೂರ ಎಂದು ಕೇಳಿದಳು.

"ಇನ್ನೂರ ಅರವತ್ತು ಕಿಲೋಮೀಟರು ಮೇಡಂ. ಐವತ್ತೈದು ನಿಮಿಷ, ಅಷ್ಟೇ."

ಬೆಳಗಿನ ವಿಮಾನ 10.15ಕ್ಕೆ ಹೊರಟು 11.10ಕ್ಕೆ ಇಳಿದಿತ್ತು. ಅಲ್ಲಿಂದ ನಾದಿನಿಯ ಮನೆಗೆ ಕಾಲು ಗಂಟೆ. ಪ್ರಯಾಣಿಕರ ಪಟ್ಟಿಯಲ್ಲಿ ಅವಳ ಹೆಸರಿತ್ತು, ಜೊತೆಗೆ ನಾಲ್ಕು ವರ್ಷದ ಹೆಣ್ಣುಮಗು. ಮೇಡಂ ಆ ಊರಿನ ಠಾಣೆಗೆ ತಿಳಿಸಿ, ಫೋನಿನ ಪಕ್ಕದಲ್ಲೇ ಕೂತಳು.

12.50ಕ್ಕೆ ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ಕರೆ ಮಾಡಿದ.

"ಮಗು ಆರಾಮಾಗಿದೆ ಮೇಡಂ. ಟಬ್ಬಲ್ಲಿ ಕೂತು ನೀರಾಡ್ತಿದೆ. ಎದ್ದು ಬಾ ಅಂದ್ರೆ, ನಾನು ಬರಲ್ಲ, ನೀವು ಹೋಗಿ ಅಂತಿದೆ."

ಇಡೀ ಠಾಣೆ ಉಸಿರು ಬಿಟ್ಟಿತು. ತಾಯಿ ಅಳುತ್ತ ನಕ್ಕಳು. ಹೆಡ್ ಕಾನ್‌ಸ್ಟೆಬಲ್ ಕನ್ನಡಕ ಒರೆಸುವ ನೆಪದಲ್ಲಿ ಹೊರಗೆ ಹೋದ.

ಸಂಜೆಯ ವಿಮಾನದಲ್ಲಿ ಮಹಿಳಾ ಕಾನ್‌ಸ್ಟೆಬಲ್ ಮಗು, ನಾದಿನಿ ಇಬ್ಬರನ್ನೂ ಕರೆತಂದಳು. 5.40ಕ್ಕೆ ನಾದಿನಿಯ ಬಂಧನ ದಾಖಲಾಯಿತು. ತಾಯಿ ಬೆನ್ನುಮೂಳೆ ಮುರಿದು ಮಲಗಿದ್ದ ಎರಡು ವರ್ಷ ಮಗುವನ್ನು ಸಾಕಿದವಳು ಅವಳೇ. ಮೂರು ತಿಂಗಳ ಹಿಂದೆ ತಂದೆತಾಯಿ ಕರೆದುಕೊಂಡು ಹೋಗಿದ್ದರು; ಅದು ತಪ್ಪು ಎಂದು ಅವಳೂ ಹೇಳಲಿಲ್ಲ.

"ಭಾನುವಾರ ಫೋನಲ್ಲಿ ನನ್ನನ್ನ ಅತ್ತೆ ಅಂದ್ಬಿಟ್ಲು ಮೇಡಂ. ಎರಡು ವರ್ಷ ಅಮ್ಮ ಅಂತಿದ್ಲು."

ಮೇಡಂ ಆ ಮಾತನ್ನು ಹೇಳಿಕೆಯಲ್ಲಿ ಹಾಗೇ ಬರೆದುಕೊಂಡಳು. ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟ ತಾಯಿ ಬಾಗಿಲಲ್ಲಿ ನಿಂತು, ದೂರು ವಾಪಸು ತೆಗೆದುಕೊಳ್ಳಬಹುದಾ ಎಂದು ಮೆಲ್ಲಗೆ ಕೇಳಿದಳು.

"ಅದನ್ನ ಕೋರ್ಟಲ್ಲಿ ಹೇಳಿಯಮ್ಮ," ಎಂದಳು ಮೇಡಂ. "ಖಂಡಿತ ಹೇಳಿ."