ಕೊರ್ರಾದೊ ಎಲ್ಲಿ ವಾಸವಾಗಿದ್ದಾನೆ?

“ಈ ಮನೇಲಿ ನೀವು ವಾಸಾನೇ ಇಲ್ಲ!”

ಬಾಗಿಲು ತೆಗೆದು ಒಳಗೆಲ್ಲ ತೋರಿಸಿದ ಕೊರ್ರಾದೊ ನಕ್ಕ. “ಹಾಗಾದ್ರೆ ನಿಮ್ಮ ಜೊತೆ ಮಾತಾಡ್ತಿರೋದು ದೆವ್ವಾನಾ, ಮೇಡಂ?”

ಎರ್ಸಿಲಿಯಾ ನಗಲಿಲ್ಲ. ಸಿಸಿಲಿಯ ಆ ಪುಟ್ಟ ದ್ವೀಪದಲ್ಲಿ, ನಿವಾಸಿ ಎಂದು ಬರೆಸಿದವರು ನಿಜಕ್ಕೂ ಇದ್ದಾರೆಯೇ ಎಂದು ಪುರಸಭೆಯ ಪರವಾಗಿ ಮನೆಗೆ ಹೋಗಿ ನೋಡುವುದೇ ಅವಳ ಕೆಲಸ. ಆಸ್ತಿ, ವ್ಯವಹಾರ ಎಲ್ಲಿ ಬೇಕಾದರೂ ಇರಬಹುದು. ನಿವಾಸಿ ಎನ್ನಿಸಿಕೊಳ್ಳಬೇಕಾದರೆ ಬರೆಸಿದ ಮನೆಯಲ್ಲೇ ಉಂಡು ಮಲಗಬೇಕು.

ಇಲ್ಲಿ ಒಲೆ ತಣ್ಣಗಿತ್ತು, ಹಾಸಿಗೆಯ ಮೇಲೆ ಧೂಳು. ದ್ವೀಪದ ನಿವಾಸಿಗಳಿಗೆ ಸಿಗುವ ದೋಣಿಯ ಅಗ್ಗದ ಟಿಕೆಟ್ಟಿಗಾಗಿ ಸುಳ್ಳು ಬರೆಸುವ ಪೇಟೆಯವರ ಹಾಗೆ ಇವನೂ...? ಬಂದರಿನಲ್ಲಿ ಕಂಡಂದೇ ಇವನಿಗೆ ಮನಸ್ಸು ಕೊಟ್ಟಿದ್ದಳಲ್ಲ, ಪೆದ್ದಿ!

“ರಾತ್ರಿ ಎಲ್ಲಿ ಮಲಗ್ತೀರಿ?”

“ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ.”

ಯಾವಳಿಗೆ? ಅವಳ ಎದೆ ಉರಿಯಿತು. ಹಿಂದೊಮ್ಮೆ, ಮಿಲಾನಿನಲ್ಲಿ ಸಂಸಾರ ಹೂಡಿದ್ದ ಸ್ವಂತ ಅಣ್ಣನ ಹೆಸರನ್ನೇ ಇಲ್ಲಿನ ನಿವಾಸಿಗಳ ಪಟ್ಟಿಯಿಂದ ಹೊಡೆಸಿಹಾಕಿದ್ದಳು. ಅಂದಿನಿಂದ ಅಪ್ಪ ಬಸ್ತಿಯಾನೊ ಅವಳಿಗೆ ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಇವನನ್ನು ಬಿಡುತ್ತಾಳೆಯೇ?

ಸಂಜೆ ಅವನ ಹಿಂದೆಯೇ ಹೋದಳು. ಅವನು ಮೇಲಿನ ಓಣಿಯ ಒಂದು ಮನೆಗೆ ನುಗ್ಗಿದ. ಅದು ಅವಳ ಅಪ್ಪನ ಮನೆ!

ಹೊಸ್ತಿಲಾಚೆಯೇ ನಿಂತು ಇಣುಕಿದಳು. ಒಳಗೆ ಅಪ್ಪ ಮಂಚ ಹಿಡಿದಿದ್ದ. ಕೊರ್ರಾದೊ ಅವನಿಗೆ ಬೇಳೆಯ ಸೂಪು ಕುಡಿಸುತ್ತಿದ್ದ. ಪಕ್ಕದಲ್ಲೇ ಕೊರ್ರಾದೊನ ಹಾಸಿಗೆ, ಚಪ್ಪಲಿ.

“ಯಾವಾಗಿಂದ...?”

“ಚಳಿ ಶುರುವಾದಾಗಿಂದ. ಕಾಯಿಲೆ ಬಿದ್ರು, ನೋಡ್ಕೊಳ್ಳೋರು ಯಾರೂ ಇರ್ಲಿಲ್ಲ. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ್ರು. ಮೈಯಲ್ಲಿ ಶಕ್ತಿ ಹೋಗಿದೆ, ಹಠ ಹೋಗಿಲ್ಲ.”

ಅವಳು ಕಣ್ಣೊರೆಸಿಕೊಂಡಳು. “ಆದ್ರೂ... ಆ ಮನೆಯಿಂದ ನಿಮ್ಮ ಹೆಸರು ಹೊಡೀಲೇಬೇಕು.”

“ಹೊಡೀರಿ. ನಾನು ಉಣ್ಣೋದು, ಮಲಗೋದು ಇಲ್ಲೇ.”

ಮಂಚದಿಂದ ಅಪ್ಪ ಗೊಣಗಿದ. “ಮಗನ ಹೆಸರು ಹೊಡೆದವಳಿಗೆ ಇದೇನು ದೊಡ್ಡದು! ಚಳಿಗಾಳಿ ಬರ್ತಿದೆ... ಒಳಗೆ ಬಂದು ಬಾಗಿಲು ಹಾಕು ಅನ್ನು ಅವಳಿಗೆ!”

ಅವಳು ಓಡಿಬಂದು ಅಪ್ಪನ ಕೈ ಹಿಡಿದು ಅತ್ತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಅವಳು ಮೆಲ್ಲಗೆ ಹೇಳಿದಳು. “ನಿಮ್ಮ ವಾಸ ಇಲ್ಲಿಗೇ ಬರೆಸ್ತೀನಿ. ನಾಳೆಯಿಂದ ನಾನೂ ಇಲ್ಲೇ ಇರ್ತೀನಿ. ಆದ್ರೆ ಒಂದೇ ಮನೇಲಿರೋರನ್ನ ಕಾನೂನು ಒಂದು ಪ್ರಶ್ನೆ ಕೇಳುತ್ತೆ...”

“ಏನು?”

“ಇವರ ನಡುವೆ ಪ್ರೀತಿಯ ಬಂಧ ಇದೆಯಾ ಅಂತ. ಇದ್ರೆ ಒಂದೇ ಕುಟುಂಬ ಅಂತ ಬರೀತಾರೆ.”

ಕೊರ್ರಾದೊ ಸೂಪಿನ ಬಟ್ಟಲು ಕೆಳಗಿಟ್ಟು ಅವಳತ್ತ ತಿರುಗಿದ. “ನನ್ನ ಕಡೆಯಿಂದ ಇದೆ ಅಂತ ಬರ್ಕೊಳ್ಳಿ. ನಿಮ್ಮ ಕಡೆಯಿಂದ?”

ಊರವರ ಸುಳ್ಳು ಹಿಡಿಯುವುದೇ ಕಸುಬಾದವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಇದೆ, ಕೊರ್ರಾದೊ...”