ಮೈಕ್ ಪಾಪಮ್ಮನ ಅಳುವ ಸೀನ್

"ಕಟ್!"

ಕೂಗಿದ್ದು ನಿರ್ದೇಶಕನಲ್ಲ. ಟೇಕಲ್‌ನ ಕಲ್ಯಾಣ ಮಂಟಪದ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಆದಿಲಕ್ಷ್ಮಿ!

ಇಡೀ ಶೂಟಿಂಗ್ ತಂಡ ತಿರುಗಿ ನೋಡಿತು. ವೇದಿಕೆಯ ಮೇಲೆ ಬೆಂಗಳೂರಿನ ನಟಿಯೊಬ್ಬಳು ಪುಢಾರಿ ವೇಷದವನ ತಲೆಯಿಂದ ವಿಗ್ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಅವಳು ಉಟ್ಟಿದ್ದು ಆದಿಲಕ್ಷ್ಮಿಯದೇ ಥರದ ಹಸಿರು ಸೀರೆ. ಜಡೆಯೂ ಹಾಗೇ, ದಪ್ಪ ಕನ್ನಡಕವೂ ಹಾಗೇ.

ಮುಳಬಾಗಿಲಿನ ಕೇಬಲ್ ಚಾನೆಲ್ ನೋಡುವವರಿಗೆ ಆದಿಲಕ್ಷ್ಮಿ ಯಾರೆಂದು ಹೇಳಬೇಕಾಗಿಲ್ಲ. ನಿಮಗೆ ಹೇಳುತ್ತೇನೆ, ಕೇಳಿ. 'ಆದಿ ಕೇಳ್ತಾಳೆ' ಅವಳ ಶೋ. ಎಂಟು ವರ್ಷದಿಂದ ಪ್ರತಿ ಗುರುವಾರ ಸಂಜೆ ಲೈವ್. ಊರಿನ ದೊಡ್ಡ ಮನುಷ್ಯರನ್ನು ಕರೆದು ಕೂರಿಸುವುದು, ಮಾನ ಹರಾಜು ಹಾಕಿ ಕಳಿಸುವುದು! ಒಬ್ಬ ಮೆಂಬರಿಗೆ ಅವನದೇ ವಾರ್ಡಿನ ಕೊಳಾಯಿ ನೀರು ಲೋಟಕ್ಕೆ ಬಗ್ಗಿಸಿ "ಕುಡೀರಿ ಸಾರ್" ಅಂದಿದ್ದಳು. ಅವನು ಎದ್ದು ಓಡಿದ. ಲೋಟ ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಅವನನ್ನು ಅಟ್ಟಿಸಿಕೊಂಡು ಹೋದ ಪುಣ್ಯಾತ್ಗಿತ್ತಿ ಇವಳು.

ಮಾನಿಟರ್ ಹಿಂದಿನಿಂದ ಒಬ್ಬ ಎದ್ದು ನಿಂತ.

ಆದಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. *ಕದಿರೇಶ್! ಇವನಾ...?*

ಅವಳ ಶೋ ಶುರುವಾದ ಕಾಲದಲ್ಲಿ ಎರಡು ವರ್ಷ ಕ್ಯಾಮೆರಾ ಹಿಡಿದವನು ಅವನೇ. ಆರು ವರ್ಷದ ಹಿಂದೆ ಒಂದು ಮಾತೂ ಹೇಳದೆ ಬಿಟ್ಟು ಹೋದವನು.

"ಏನಯ್ಯಾ ಇದು? ನನ್ನನ್ನ ಒಂದು ಮಾತು ಕೇಳದೆ ನನ್ನ ಮೇಲೆ ಸಿನಿಮಾನಾ?"

"ನಿಮ್ಮ ಮೇಲಲ್ಲ ಮೇಡಂ. ಕಾಮಿಡಿ ಸಿನಿಮಾ. ಮೈಕ್ ಪಾಪಮ್ಮ ಅಂತ ಒಂದು ಪಾತ್ರ, ಅಷ್ಟೇ."

"ಓಹೋ! ಆ ಜಡೆ ಯಾರದ್ದು? ಆ ಕನ್ನಡಕ ಯಾರದ್ದು? ನಿಮ್ಮಜ್ಜೀದಾ?"

ಲೈಟ್ ಹಿಡಿದಿದ್ದವನು ಕಿಸಕ್ಕನೆ ನಕ್ಕ. ಆದಿ ಒಮ್ಮೆ ತಿರುಗಿ ನೋಡಿದ್ದಕ್ಕೇ ಅವನ ನಗು ನಿಂತುಹೋಯಿತು.

ಜಡೆ, ಸೀರೆಗಾಗಿ ಅವಳು ಮುಳಬಾಗಿಲಿನಿಂದ ಎರಡು ಬಸ್ ಬದಲಾಯಿಸಿ ಬಂದಿರಲಿಲ್ಲ. ಚಿತ್ರದ ಸೌಂಡ್ ನೋಡಿಕೊಳ್ಳುವ ಫರ್ಹಾದ್ ಅವಳ ಬೀದಿಯವನೇ. "ಅಕ್ಕಾ, ಕೊನೇಲಿ ಪಾಪಮ್ಮ ಅಳೋದು ಒಂದು ಸೀನ್ ಇದೆಯಂತೆ" ಎಂದು ಅವನು ಬಾಯಿ ಜಾರಿದ್ದ. ಆ ಮಾತು ಕೇಳಿದಾಗಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ.

"ಆ ಸೀನ್ ಇದೆಯಾ?" ಅವಳ ದನಿ ಇಳಿಯಿತು.

"ಯಾವುದು?"

"ಗೊತ್ತಿಲ್ಲದವನ ಥರ ಆಡ್ಬೇಡ! ಫೋನ್ ಬಂದಿದ್ದು... ಆಮೇಲೆ..."

ಕದಿರೇಶ್ ತಲೆ ತಗ್ಗಿಸಿದ. "ಇದೆ."

ಅಯ್ಯೋ ದೇವರೇ!

ಆರು ವರ್ಷದ ಹಿಂದಿನ ಆ ಗುರುವಾರ... ಲೈವ್ ನಡೆಯುತ್ತಿತ್ತು. ಸ್ಟುಡಿಯೋ ಎಂಬ ಆ ಸಣ್ಣ ಕೋಣೆಯಲ್ಲಿ ಇದ್ದದ್ದು ಅವಳು ಮತ್ತು ಕದಿರೇಶ್ ಇಬ್ಬರೇ. ನೋಡುಗರ ಫೋನ್ ತೆಗೆದುಕೊಳ್ಳುವ ಹೊತ್ತು. "ಹಲೋ, ಮಾಲೂರಿಂದ ಶ್ರೀಧರ್" ಎಂದಿತು ಆ ಕಡೆಯ ದನಿ. ಅವಳಿಗೆ ನಿಶ್ಚಯವಾಗಿದ್ದ ಹುಡುಗ! ಅವಳು ನಾಚಿ ನಕ್ಕಳು. ಅವನು ನಗಲಿಲ್ಲ. "ಎಲ್ಲರ ಮಾನಾನೂ ಲೈವಲ್ಲೇ ಕಳೀತೀಯಲ್ಲ, ಲೈವಲ್ಲೇ ಕೇಳ್ಕೋ. ನಿನ್ನಂಥ ಬಾಯಿಬಡಕಿ ನಮ್ಮನೆಗೆ ಬೇಡ. ಮದುವೆ ಕ್ಯಾನ್ಸಲ್" ಎಂದು ಇಟ್ಟುಬಿಟ್ಟ.

ಮುಖ ಮುಚ್ಚಿಕೊಂಡು ಅತ್ತಳು ಆದಿ. ಬಿಕ್ಕಿ ಬಿಕ್ಕಿ ಅತ್ತಳು. ತಲೆ ಎತ್ತಿದಾಗ ಎದುರಿಗೆ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು. *ಊರೆಲ್ಲ ನೋಡಿಬಿಟ್ಟಿತು!*

ಆ ಸಂಜೆಯೇ ಫೋನ್ ಆಫ್ ಮಾಡಿ ಶ್ರೀನಿವಾಸಪುರದ ಸೋದರತ್ತೆ ಮನೆಗೆ ಹೋದವಳು ಹದಿನೈದು ದಿನ ಮುಖ ತೋರಿಸಲಿಲ್ಲ. ವಾಪಸ್ ಬಂದು ಮನೆಯಲ್ಲೂ ಚಾನೆಲ್‌ನಲ್ಲೂ ಒಂದೇ ಮಾತು: "ಆ ಗುರುವಾರದ ವಿಷಯ ಯಾರಾದ್ರೂ ಎತ್ತಿದ್ರೆ ನಾನು ಮನುಷ್ಯಳಾಗಿರಲ್ಲ." ಯಾರೂ ಎತ್ತಲಿಲ್ಲ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕಿದರೂ ಅವಳಿಗೆ ಅನುಮಾನ... *ಅಳೋದು ನೋಡಿದ್ದಾನೆ, ಅದಕ್ಕೇ ಕನಿಕರ!* ಆ ಕನಿಕರಕ್ಕೆ ಹೆದರಿಯೇ ಅವಳ ಬಾಯಿ ಮೊದಲಿಗಿಂತ ಹತ್ತುಪಟ್ಟು ಜೋರಾಯಿತು. ಅಂಥದ್ದನ್ನು ಈಗ ಮತ್ತೆ ತೆರೆಯ ಮೇಲೆ, ಜನ ನಗಲಿ ಅಂತ ತೋರಿಸುತ್ತಾನಂತೆ!

"ಕೋರ್ಟಿಗೆ ಎಳೀತೀನಿ ನಿನ್ನ."

"ಎಳೀರಿ."

ಆಗ ಫರ್ಹಾದ್ ಮೆಲ್ಲಗೆ ಕೆಮ್ಮಿದ. "ಅಣ್ಣಾ, ನಾಯಕಿ ಮೇಡಂ ಮಾತು ನಮ್ಮ ಕಡೇದು ಅನ್ಸಲ್ಲ. ಅಕ್ಕನೇ ಡಬ್ಬಿಂಗ್ ಮಾಡಿದ್ರೆ..."

"ನಾನಾ? ನನ್ನ ಗೇಲಿಗೆ ನಾನೇ ದನಿ ಕೊಡ್ಬೇಕಾ?" ಎಂದು ಹಾರಿಬಿದ್ದವಳು ತಟ್ಟನೆ ನಿಂತಳು. "ಕೊಡ್ತೀನಿ! ಆದ್ರೆ ನಾನು ಹೇಳಿದ ಒಂದು ಸೀನ್ ತೆಗೀಬೇಕು. ಬರೆದುಕೊಡು."

ಕದಿರೇಶ್ ಅವಳನ್ನೇ ನೋಡಿದ. "ಬರೆದುಕೊಡ್ತೀನಿ. ಆದ್ರೆ ಆ ಸೀನ್ ಪೂರ್ತಿ ನೋಡಿ ಆಮೇಲೆ ತೆಗಿ ಅನ್ಬೇಕು. ನೋಡದೆ ತೆಗೆಯಲ್ಲ."

ಎರಡು ತಿಂಗಳ ನಂತರ ಕೋಲಾರದ ಒಂದು ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲಿ ಡಬ್ಬಿಂಗ್ ಶುರುವಾಯಿತು. ಡಬ್ಬಿಂಗ್ ಅಂದೆನಾ? ಜಗಳ ಅನ್ನಿ.

"ನಾನು ಹೀಗೆ ಕತ್ತೆ ಥರ ಅರಚ್ತೀನಾ?"

"ಇದಕ್ಕಿಂತ ಜೋರು ಮೇಡಂ. ನಿಮ್ಮ ಹಳೇ ಎಪಿಸೋಡ್ ಹಾಕಲಾ?"

ಸ್ಕ್ರಿಪ್ಟ್ ಹಾಳೆಗಳು ಕದಿರೇಶನ ಮುಖದ ಮೇಲೆ ಹಾರಿದವು. ಅವನು ಒಂದೊಂದಾಗಿ ಎತ್ತಿಕೊಂಡು ಪುಟದ ಕ್ರಮದಲ್ಲಿ ಜೋಡಿಸಿದ.

"ಮೂರನೇ ಟೇಕ್, ಫರ್ಹಾದ್."

ಮಧ್ಯಾಹ್ನ ಮೈಕ್ ಪಕ್ಕ ಬಿಸಿ ಜೀರಿಗೆ ನೀರು ಬಂತು. ಜಾಸ್ತಿ ಕೂಗಿದರೆ ಅವಳ ಗಂಟಲು ಕಟ್ಟುತ್ತದೆ ಎಂದು ಅವನಿಗೆ ಇನ್ನೂ ನೆನಪಿದೆ! *ನೆನಪಿಟ್ಟುಕೊಂಡು ಯಾರಿಗೆ ಉಪಕಾರ ಮಾಡಬೇಕಾಗಿತ್ತು ಇವನು?* ಕೋಪಕ್ಕೆ ಅವಳು ಅದನ್ನು ಮುಟ್ಟಲಿಲ್ಲ. ಸಂಜೆಗೆ ದನಿ ಪೂರ್ತಿ ಹೋಯಿತು. ಮರುದಿನ ಲೋಟ ಮತ್ತೆ ಬಂತು. ಬೈಯುತ್ತಲೇ ಕುಡಿದಳು.

ಐದನೆಯ ದಿನ ಒಂದು ಅನಾಹುತವಾಯಿತು. ಪಾಪಮ್ಮ ಲೋಟ ಹಿಡಿದು ಮೆಂಬರನ್ನು ಅಟ್ಟಿಸಿಕೊಂಡು ಹೋಗುವ ಸೀನ್ ನೋಡಿ ಆದಿಗೆ ನಗು ತಡೆಯಲಾಗಲಿಲ್ಲ! ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಜಿನ ಆಚೆ ಕದಿರೇಶ್ ಕೂಡ ನಗುತ್ತಿದ್ದ. ಕಣ್ಣು ಕಣ್ಣು ಕಲೆತವು.

ಅವಳು ಗಂಟು ಮುಖ ಹಾಕಿಕೊಂಡಳು. "ಏನ್ ನೋಡ್ತಾ ಇದ್ದೀಯ? ಅಷ್ಟೇನೂ ಚೆನ್ನಾಗಿಲ್ಲ."

"ಸರಿ ಮೇಡಂ."

ಅವನ ಆ 'ಸರಿ ಮೇಡಂ' ಕೇಳಿದರೇ ಮೈ ಉರಿಯುತ್ತಿತ್ತು. ಎಂಟನೆಯ ದಿನ ಸಿಡಿದೇಬಿಟ್ಟಳು.

"ಯಾಕಯ್ಯಾ ಒಂದು ಮಾತೂ ಹೇಳದೆ ಹೋದೆ ಅವತ್ತು? ಆ ಮಾಲೂರಿನವನು ಕೈಕೊಟ್ಟಾಗ ನನ್ನ ಜೊತೆ ಇದ್ದವನು ನೀನೊಬ್ಬ. ನೀನೂ ಓಡಿಹೋದೆ. ಹೇಡಿ!"

ಕದಿರೇಶನ ಮುಖ ಕಪ್ಪಿಟ್ಟಿತು. "ಹೌದು. ಹೇಡೀನೇ," ಎಂದ. "ನಾಳೆ ಕೊನೇ ಸೀನ್. ಹತ್ತು ಗಂಟೆಗೆ ಬನ್ನಿ."

ಆ ಸೀನ್!

ಬೆಳಗ್ಗೆ ಅವಳು ಹತ್ತಕ್ಕೆ ಸರಿಯಾಗಿ ಬಂದಳು. ಚೀಲದಲ್ಲಿ ಅವನು ಸಹಿ ಹಾಕಿದ ಕಾಗದ ಇತ್ತು. *ನೋಡ್ತೀನಿ. ತೆಗಿ ಅಂತೀನಿ. ಎದ್ದು ಹೋಗ್ತೀನಿ. ಇನ್ನು ಜನ್ಮದಲ್ಲಿ ಇವನ ಮುಖ ನೋಡಲ್ಲ.*

ಪರದೆ ಬೆಳಗಿತು. ಪಾಪಮ್ಮ ಮೈಕ್ ಹಿಡಿದಿದ್ದಾಳೆ. ಫೋನ್ ಬರುತ್ತದೆ. "ಹಲೋ, ನಾನು..." ಎನ್ನುತ್ತದೆ ಗಂಡು ದನಿ. ಪಾಪಮ್ಮನ ಮುಖದ ನಗು ಇನ್ನೇನು ಆರಬೇಕು...

ಆದಿ ಉಗುರುಗಳನ್ನು ಅಂಗೈಗೆ ಒತ್ತಿಕೊಂಡಳು.

ಕೂಊಊ! ಪರದೆ ತುಂಬ ಕುಕ್ಕರ್! ಒಬ್ಬ ಹೆಂಗಸು ಹಲ್ಲು ಕಿರಿದು ಹಾಡುತ್ತಾಳೆ, ಪಾತ್ರೆ ಅಂಗಡಿಯ ಜಾಹೀರಾತು. ಮುಗಿಯುತ್ತದೆ. ಮತ್ತೆ ಅದೇ ಕುಕ್ಕರ್! ಒಂದು ಮನೆಯಲ್ಲಿ ಅಜ್ಜ ಟೀವಿಯ ತಲೆಗೆ ತಟ್ಟುತ್ತಾನೆ. ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ರಿಮೋಟಿಗೆ ಕಿತ್ತಾಡುತ್ತಾರೆ. ಊರಿಗೆ ಊರೇ ಕುಕ್ಕರಿಗೆ ಶಾಪ ಹಾಕುತ್ತದೆ. ಮತ್ತೆ ಕೂಊಊ!

ಕೊನೆಗೆ ಸ್ಟುಡಿಯೋ. ಪಾಪಮ್ಮ ಕ್ಯಾಮೆರಾ ಕಡೆ ಬೆನ್ನು ಹಾಕಿ ಕೂತಿದ್ದಾಳೆ, ಭುಜ ಅಲುಗುತ್ತಿದೆ. ಮೂಲೆಯಲ್ಲಿ ಒಬ್ಬ ಕ್ಯಾಮೆರಾಮನ್ ಕಿತ್ತ ವೈರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾನೆ.

ಪರದೆ ಆರಿತು.

"ಇದರಲ್ಲಿ... ನನಗೆ ಮಾತೇ ಇಲ್ವಲ್ಲ?" ಆದಿ ಕೇಳಿದಳು.

"ಇಲ್ಲ ಮೇಡಂ."

"ಈ ಕುಕ್ಕರ್ ಏನು? ನಗೋಕೆ ನೀನೇ ಕಟ್ಟಿದ್ದಾ?"

ಕದಿರೇಶ್ ಗಾಬರಿಯಿಂದ ನೋಡಿದ. "ಅವತ್ತು ನಡೆದಿದ್ದೇ ಅಲ್ವಾ? ಶ್ರೀಧರ್ ಹಲೋ ಅಂದ ತಕ್ಷಣ, ಅವನ ದನಿ ಸರಿ ಇಲ್ಲ ಅಂತ ಟೀವಿಗೆ ಹೋಗೋ ಲೈನ್ ಕಿತ್ತು ಜಾಹೀರಾತಿಗೆ ಹಾಕ್ದೆ. ಕ್ಯಾಮೆರಾ ಆಫ್ ಮಾಡೋದು ಮರೆತೇಹೋಯ್ತು... ನಿಮಗೆ ಗೊತ್ತಿಲ್ವಾ?"

ಆದಿ ಚೀಲಕ್ಕೆ ಕೈಹಾಕಿದಳು. ಫೋನ್ ತೆಗೆದು ಅಪ್ಪನಿಗೆ ಹಚ್ಚಿದಳು.

"ಏಮ್ಮಾ, ತಿಂಡಿ ಆಯ್ತಾ?" ನರಸಿಂಹಪ್ಪನ ದನಿ.

"ಅಪ್ಪಾ... ಶ್ರೀಧರ್ ಮದುವೆ ಮುರಿದ ಆ ಗುರುವಾರ ಟೀವೀಲಿ ಏನು ಬಂತು?"

"ಈಗ್ಯಾಕಮ್ಮ ಅದು? ಎತ್ತಬೇಡ ಅಂದಿದ್ದೆ..."

"ಹೇಳಪ್ಪಾ!"

"ಏನು ಬಂತು, ಕುಕ್ಕರ್ ಬಂತು! ಯಾರೋ ಹಲೋ ಅಂದ್ರು, ಅಷ್ಟೇ. ಇಪ್ಪತ್ತು ನಿಮಿಷ ಬರೀ ವಿಷಲ್ಲು. ನಾನು ಎದ್ದು ಊಟಕ್ಕೆ ಹೋದೆ. ಮದುವೆ ವಿಷಯ ಮಾರನೇ ದಿನ ಹುಡುಗನ ಮಾವ ಬಂದು ಹೇಳಿದ್ಮೇಲೇ ಗೊತ್ತಾಗಿದ್ದು."

"ನಾನು ಅತ್ತಿದ್ದು... ಬರಲಿಲ್ವಾ?"

"ನೀನು ಅತ್ತೆಯಾ? ಯಾವಾಗಮ್ಮಾ? ನನಗೆ ಯಾಕೆ ಹೇಳ್ಲಿಲ್ಲ?"

ಆದಿ ಫೋನ್ ಇಟ್ಟಳು. ಆರು ವರ್ಷ... ಯಾರೂ ನೋಡಿರಲಿಲ್ಲ! ಆ ಕೊತ್ತಂಬರಿಯವನು ಸುಮ್ಮನೆ ಒಳ್ಳೆಯವನು, ಅಷ್ಟೇ!

ಫರ್ಹಾದ್‌ಗೆ ಒಮ್ಮೆಲೇ ಟೀ ನೆನಪಾಯಿತು. "ಬಂದೆ ಅಣ್ಣಾ," ಎಂದು ಎದ್ದು ಹೋದ.

"ಕೆಲಸ ನೀನು ಬಿಟ್ಟಿದ್ದಲ್ವಾ?"

"ಗಂಗುಲಪ್ಪನವರು ತೆಗೆದ್ರು. ಚಾನೆಲ್ ಅವರದ್ದು, ಕೋಪ ಬರಲ್ವಾ? ವೈರ್ ತಪ್ಪಾಗಿ ಎಳೆದೆ ಅಂದೆ. ವೈರ್ ಯಾವುದು ಅಂತ ಗೊತ್ತಿಲ್ಲದವನು ನನಗೆ ಬೇಡ ಅಂದ್ರು."

"ಇರೋದು ಇದ್ದ ಹಾಗೆ ಹೇಳೋಕೆ ಏನು ಧಾಡಿ ನಿನಗೆ?"

"ಹೇಳಿದ್ರೆ ಯಾಕೆ ಕಿತ್ತೆ ಅಂತ ಕೇಳೋರು. ನೀವು ಅತ್ತಿದ್ದು ಹೇಳ್ಬೇಕಾಗ್ತಿತ್ತು." ಅವನು ಕನ್ಸೋಲಿನ ಮೇಲೆ ಕಣ್ಣಿಟ್ಟೇ ಹೇಳಿದ. "ನಿಮಗೆ ಫೋನ್ ಮಾಡ್ದೆ, ಸ್ವಿಚ್ಡ್ ಆಫ್. ಆಮೇಲೆ ಆ ವಿಷಯ ಎತ್ಬೇಡಿ ಅಂದ್ರಂತೆ ಅಂತ ಕೇಳ್ದೆ. ನೀವು ಅಳೋದನ್ನ ನಾನು ನೋಡ್ಬಿಟ್ಟೆ ಅಂತ ಕೋಪ ಅಂದ್ಕೊಂಡೆ."

"ನಾನು ನಿನ್ನ ಹೇಡಿ ಅಂದಾಗಲಾದ್ರೂ ಹೇಳ್ಬಾರ್ದಾ? ನಾನು ಎಂಟು ದಿನದಿಂದ ನಿನ್ನ ಬೈತಾ ಇದ್ದೀನಿ ಕಣಯ್ಯಾ! ಆರು ವರ್ಷದಿಂದ ಬೈತಾ ಇದ್ದೀನಿ!"

"ಹೇಡಿ ಅಂದಿದ್ದು ಸುಳ್ಳಲ್ಲ ಮೇಡಂ." ಈಗ ಅವನು ತಲೆ ಎತ್ತಿದ. "ಅವತ್ತು ವೈರ್ ಹಿಡ್ಕೊಂಡು ನಿಂತಿದ್ದಾಗ ಒಂದು ಮಾತು ಬಾಯಿವರೆಗೂ ಬಂದಿತ್ತು. ಅವನಿಗೆ ಬೇಡ ಅಂದ್ರೆ ಹೋಗ್ಲಿ, ನನಗೆ ನೀವು ಬೇಕು ಅಂತ. ಈ ಬಾಯಿ, ಈ ಕೋಪ ಎಲ್ಲಾ ಬೇಕು ಅಂತ. ಧೈರ್ಯ ಬರ್ಲಿಲ್ಲ. ಅದಕ್ಕೇ ಸಿನಿಮಾ ಮಾಡ್ದೆ. ನೋಡಿಯಾದ್ರೂ ನಿಮಗೆ ಗೊತ್ತಾಗ್ಲಿ ಅಂತ."

ಆದಿಯ ಕೈಗಳು ಅಭ್ಯಾಸಬಲದಿಂದ ಮುಖದ ಕಡೆ ಎದ್ದವು... ಅರ್ಧದಲ್ಲೇ ನಿಂತವು. ಅವಳು ಕೈ ಇಳಿಸಿದಳು. ಆರು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಎದುರಿಗೆ, ಮುಖ ಮುಚ್ಚದೆ ಅತ್ತಳು.

"ನೋಡು... ಚೆನ್ನಾಗಿ ನೋಡು. ಅಳ್ತಾ ಇದ್ದೀನಿ," ಎಂದಳು ಬಿಕ್ಕುತ್ತಾ. "ಎಲ್ಲಿಗಾದ್ರೂ ಹೋದ್ರೆ ಕಾಲು ಮುರೀತೀನಿ."

"ಎಲ್ಲಿಗೂ ಹೋಗಲ್ಲ."

ಅವನು ಗಾಜಿನ ಬಾಗಿಲು ತೆರೆದು ಒಳಗೆ ಬಂದ. ಅವಳ ಎದುರು ಸ್ಟೂಲಿನ ಮೇಲೆ ಕೂತ. ಅವಳು ಚೀಲದಿಂದ ಆ ಕಾಗದ ತೆಗೆದು ಹರಿದು ಅವನ ಮಡಿಲಿಗೆ ಎಸೆದಳು.

"ಸೀನ್ ಇರ್ಲಿ. ಒಂದು ಫ್ರೇಮ್ ಕತ್ತರಿಸಿದ್ರೂ ಸುಮ್ಮನಿರಲ್ಲ."

"ಸರಿ ಮೇಡಂ."

"ಇನ್ನೊಂದ್ಸಲ ಮೇಡಂ ಅಂದ್ರೆ ನೋಡು!"

"ಸರಿ... ಆದಿ." ಆ ಹೆಸರು ಕರೆಯಲು ಅವನಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. "ಭಾನುವಾರ ಮನೆಗೆ ಬಂದು ನಿಮ್ಮಪ್ಪನ್ನ ಕೇಳ್ಲಾ?"

"ಏನಂತ?"

"ನಿಮ್ಮ ಮಗಳನ್ನ ನನಗೆ ಕೊಡಿ ಅಂತ."

"ಮೊದಲು ಕರ್ಚೀಫ್ ಕೊಡಯ್ಯಾ, ಮೂಗು ಸುರೀತಾ ಇದೆ!"

ಅವನು ಕೊಟ್ಟ. ಅವಳು ಜೋರಾಗಿ ಮೂಗು ಒರೆಸಿಕೊಂಡು, ಕೆಂಪಾದ ಕಣ್ಣುಗಳಿಂದ ಅವನನ್ನು ದುರುಗುಟ್ಟಿ ನೋಡಿದಳು.

"ಭಾನುವಾರ ಯಾಕೆ? ನಾಳೆ ಬರೋಕೆ ಏನು ರೋಗ ನಿನಗೆ?"