ಸೀಟಿನ ಕೆಳಗಿನ ಕೆಂಪು ಟೇಪು

“ಮೊದಲು ನಾನೇ ನಡೀತೀನಿ,” ಅಂದೆ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಯಾರೂ ಅನ್ನಲಿಲ್ಲ.

ನೀರಜ್ ಮತ್ತು ಇಶಾ ಸೈಕಲ್ ಹತ್ತಿ ಹೊರಟೇಬಿಟ್ಟರು. ತಿರುವಿನಲ್ಲಿ ಅವಳು ಸ್ವೀಡಿಷ್‌ನಲ್ಲಿ ಏನೋ ಹೇಳಿದಳು, ಅವನು ಜೋರಾಗಿ ನಕ್ಕ. ಆಫೀಸಿನಲ್ಲಿ ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿನಲ್ಲಿ ನಾನು ಅವನಿಗೆ ಎಷ್ಟು ಜೋಕ್ ಹೇಳಿಲ್ಲ? ಒಂದಕ್ಕೂ ಹಾಗೆ ನಕ್ಕವನಲ್ಲ.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ಆಫೀಸಿನಲ್ಲಿ ನೀರಜ್ ನನ್ನ ಎದುರು ಮೇಜಿನವನು. ಮೇ ತಿಂಗಳಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಹೋಗೋಣ ಎಂದು ಹೇಳಿದ್ದೂ ಅವನೇ. ಮೆಡಿಟರೇನಿಯನ್ ಸಮುದ್ರದಿಂದ ನೇರ ಎದ್ದ ಬಂಡೆಗಳು. ರಸ್ತೆ ಇರುವಷ್ಟು ದೂರ ಸೈಕಲ್, ರಸ್ತೆ ಮುಗಿದಲ್ಲಿಂದ ಕಾಲ್ನಡಿಗೆ. ಅಲ್ಲಿ ಯಾವುದಾದರೂ ಬಂಡೆಯ ಮೇಲೆ ಕೂತು ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕೆಂದು ನಾನು ಮಾತು ಕೂಡ ಜೋಡಿಸಿಟ್ಟಿದ್ದೆ. ಆಮೇಲೊಂದು ದಿನ ಬಂದು, ಇಶಾನೂ ಬರುತ್ತಾಳೆ, ಹೋದ ವರ್ಷ ಹೋಗಿದ್ದಳು, ಅವಳಿಗೆ ದಾರಿ ಗೊತ್ತು ಎಂದ.

ಇಶಾ ನಾರ್‌ಶೋಪಿಂಗ್‌ನವಳು. ಅವಳೂ ನೀರಜನೂ ಇಲ್ಲೇ ಬೆಳೆದವರು, ಎರಡೂ ಕನ್ನಡದ ಮನೆಗಳು, ಮನೆಯವರಿಗೆ ಹಳೇ ಸ್ನೇಹ. ನಾನು ಬೆಂಗಳೂರಿನಿಂದ ಬಂದು ಎರಡು ವರ್ಷ. ಬೇಕರಿಯಲ್ಲಿ ಬನ್ನು ಕೇಳುವಷ್ಟು ಸ್ವೀಡಿಷ್ ಬರುತ್ತದೆ, ಅಷ್ಟೇ. ಈಗ ಮಧ್ಯೆ ಬಂದವಳು ಅವಳೋ ನಾನೋ ಎಂಬುದೇ ನನಗೆ ತಿಳಿಯದಂತಾಗಿತ್ತು.

ಇವತ್ತಿನದು ಆ ಪ್ರವಾಸಕ್ಕೆ ಅಭ್ಯಾಸ, ಇಲ್ಲಿನ ಪಶ್ಚಿಮ ಕರಾವಳಿಯ ಕೆಂಪು ಬಂಡೆಗಳಲ್ಲಿ. ರೈಲಿನಲ್ಲಿ ಎರಡೇ ಸೈಕಲ್‌ಗೆ ಜಾಗ ಸಿಕ್ಕಿತ್ತು. ಅದಕ್ಕೆ ನೀರಜ್ ಉಪಾಯ ಹೂಡಿದ. ಇಬ್ಬರು ರಸ್ತೆಯಲ್ಲಿ ಸೈಕಲ್ ತುಳಿಯುವುದು, ಒಬ್ಬರು ಬಂಡೆಗಳ ಮೇಲೆ ನಡೆಯುವುದು. ಕಾಲುದಾರಿ ರಸ್ತೆಗೆ ಸೇರುವಲ್ಲಿ ಅವನು ತನ್ನ ಸೈಕಲ್ ಬಿಟ್ಟು ಮುಂದೆ ನಡೆಯುತ್ತಾನೆ, ಹಿಂದಿನಿಂದ ಬಂದವರು ಅದನ್ನು ಹತ್ತಬೇಕು.

ಸಮುದ್ರ ಚೆನ್ನಾಗಿಯೇ ಇತ್ತು, ನೋಡುವ ಮನಸ್ಸಿರಲಿಲ್ಲ. ಪ್ರತಿ ಬಂಡೆ ಹತ್ತಿದಾಗಲೂ ರಸ್ತೆಯತ್ತ ಕತ್ತು ಚಾಚಿದೆ. ಇಬ್ಬರೂ ಅಕ್ಕಪಕ್ಕದಲ್ಲಿ ಹೋಗುತ್ತಿದ್ದಾರೋ, ಹಿಂದೆ ಮುಂದೆಯೋ?

ಕಾಲುದಾರಿಯ ಕೊನೆಯಲ್ಲಿ ನೀರಜ್‌ನ ಸೈಕಲ್ ಒಂದು ಕಂಬಕ್ಕೆ ಒರಗಿತ್ತು. ಸೀಟು ಕೆಳಗಿಳಿದಿತ್ತು. ಸೀಟಿನ ಕೆಳಗಿನ ಕಂಬಿಗೆ ಗುರುತಿಗೆಂದು ಕೆಂಪು ಟೇಪು ಸುತ್ತಿತ್ತು, ಸೀಟನ್ನು ಸರಿಯಾಗಿ ಅಲ್ಲಿಯವರೆಗೆ ಇಳಿಸಿ ಬಿಗಿ ಮಾಡಿದ್ದ. ಅವನೋ ಆರಡಿಯ ಆಳು. ಆ ಗುರುತು ಅವನದಲ್ಲ. ಟೇಪು ಹೊಸದೂ ಅಲ್ಲ, ಅಂಚಿನಲ್ಲಿ ಧೂಳು ಮೆತ್ತಿ ಕಪ್ಪಾಗಿತ್ತು. ಅಂದರೆ ಎಷ್ಟೋ ತಿಂಗಳಿಂದ ಒಬ್ಬ ಹುಡುಗಿ ಈ ಸೈಕಲ್ ಓಡಿಸುತ್ತಿದ್ದಾಳೆ. ಯಾರೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಅವಳ ಸೀಟಿನ ಮೇಲೆ ನಾನು ಕೂರುವುದೇ? ಸತ್ತರೂ ಇಲ್ಲ. ಸೈಕಲ್ಲನ್ನು ತಳ್ಳಿಕೊಂಡೇ ಏರು ಹತ್ತಿದೆ. ಪೆಡಲ್ಲು ಮೊಣಕಾಲಿಗೆ ಹೊಡೆಯುತ್ತಲೇ ಇತ್ತು.

ಅವರಿಬ್ಬರೂ ಮೇಲೆ ಕಾದು ನಿಂತಿದ್ದರು. ಪಂಕ್ಚರ್ ಆಯಿತೇ ಎಂದು ನೀರಜ್ ಓಡಿ ಬಂದ. ಇಲ್ಲ, ಈ ಸೈಕಲ್ ನನಗೆ ಆಗುವುದಿಲ್ಲ ಎಂದೆ. ಏನಾಗಿದೆ ನೋಡೋಣ ಎಂದು ಇಶಾ ಹತ್ತಿ ಕೂತಳು.

ಅವಳ ಕಾಲು ನೆಲಕ್ಕೆ ಎಟುಕಲಿಲ್ಲ.

ನನಗಿಂತ ಒಂದು ಗೇಣು ಕುಳ್ಳಿ ಅವಳು. ಬೆಳಗಿನಿಂದ ಕಣ್ಣೆದುರೇ ಇದ್ದರೂ ನಾನು ಗಮನಿಸಿರಲಿಲ್ಲ. ಹೊಟ್ಟೆಕಿಚ್ಚಿಗೆ ಅಳತೆ ಎಲ್ಲಿಯದು? ಇಶಾ ಟೇಪು ನೋಡಿದಳು, ನನ್ನ ಕಾಲು ನೋಡಿದಳು. ನೀರಜ್‌ಗೆ ಸ್ವೀಡಿಷ್‌ನಲ್ಲಿ ಒಂದೇ ಮಾತು ಹೇಳಿ, ಕಾಫಿ ತರುತ್ತೇನೆಂದು ತನ್ನ ಸೈಕಲ್ ಏರಿ ಇಳಿಜಾರಿನಲ್ಲಿ ಮರೆಯಾದಳು. ಅವನ ಕಿವಿ ಕೆಂಪಾಗಿತ್ತು.

“ಈ ಟೇಪ್ ಯಾರದು?” ಕೇಳಿದೆ.

“ಅಕ್ಟೋಬರ್‌ನಲ್ಲಿ ಒಂದಿನ ನಿಂಗೆ ಬಸ್ ತಪ್ಪಿತ್ತಲ್ಲ. ನೀನು ನನ್ನ ಸೈಕಲ್ ತಗೊಂಡು ಸ್ಟೇಷನ್‌ಗೆ ಹೋದೆ.”

“ಅದು ಒಂದೇ ದಿನ.”

“ಇನ್ನೊಂದಿನ ತಪ್ಪುತ್ತೆ ಅಂತ ನಿನ್ನ ಎತ್ತರಕ್ಕೆ ಟೇಪ್ ಹಾಕಿಟ್ಟೆ. ಆಮೇಲೆ ನೀನು ಬಸ್ ತಪ್ಪಿಸ್ಕೊಳ್ಳಲೇ ಇಲ್ಲ.”

ಅವನು ಕಣ್ಣು ತಗ್ಗಿಸಿ ಬೆಲ್ ತಿರುಗಿಸುತ್ತ ನಿಂತಿದ್ದ. ನಾನು ಸೈಕಲ್ ಹತ್ತಿ ಕೂತೆ. ಎರಡೂ ಕಾಲಿನ ತುದಿ ಮೆತ್ತಗೆ ನೆಲ ಮುಟ್ಟಿತು. ಅಷ್ಟು ದೂರ ಇದನ್ನು ತಳ್ಳಿಕೊಂಡು ಬಂದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು.

ಇಶಾ ಏನಂದಳು ಎಂದು ಕೇಳಿದೆ.

“ಇನ್ನೂ ಹೇಳಿಲ್ವಾ, ಪೆದ್ದ, ಅಂದ್ಲು.” ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ನಾವಿಬ್ಬರೇ ಎಂದರೆ ನಾನು ಬರಲಿಕ್ಕಿಲ್ಲ ಎಂದು ಹೆದರಿ ಇಶಾಳನ್ನು ಸೇರಿಸಿಕೊಂಡನಂತೆ. ಬೆಳಗಿನಿಂದ ಅವಳು ಅದನ್ನೇ ಆಡಿಕೊಂಡು ನಗುತ್ತಿದ್ದಳಂತೆ.

ಸಾರ್ಡೀನಿಯಾಕ್ಕೆಂದು ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ. “ನಂಗೂ ನೀನಂದ್ರೆ ತುಂಬಾ ಇಷ್ಟ,” ಎಂದಷ್ಟೇ ಅಂದೆ. ಹ್ಯಾಂಡಲ್ ಮೇಲಿದ್ದ ನನ್ನ ಕೈಯ ಮೇಲೆ ಅವನ ಕೈ ಬಂತು. ತಣ್ಣಗಿತ್ತು. ನಾನು ಸರಿಸಲಿಲ್ಲ.

ಕೆಳಗೆ ಇಶಾ ಮೂರು ಕಾಫಿ ಹಿಡಿದು ಒಂದು ಕೈಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು.

“ಹಾಗಾದ್ರೆ ಸಾರ್ಡೀನಿಯಾಕ್ಕೆ ಇಶಾ ಬರೋದು ಬೇಡ ಅಂತ ಹೇಳ್ಲಾ?”

“ಬರಲಿ,” ಅಂದೆ. “ಆದ್ರೆ ನೀವಿಬ್ರೂ ಕನ್ನಡದಲ್ಲೇ ನಗಬೇಕು.”